ಸುಹಾಸನಿಗೆ ದೊಡ್ಡಮ್ಮನ ಪತ್ರ

ಚಿರಂಜೀವಿ ಸುಹಾಸನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಫೋನು ಕಿತ್ತುಕೊಂಡವರ ಪೆಟ್ಟಿನಿಂದಾದ ದವಡೆಯ ಊತ ಇಳಿದು ನೀನು ಮತ್ತೆ ತರಗತಿಗೆ ಹೋಗುತ್ತಿರುವುದು ತಿಳಿದು ಸಮಾಧಾನವಾಯಿತು. ಆದರೆ "ಹೋದದ್ದು ಒಂದು ಫೋನು, ಪೊಲೀಸರಿಗೆ ದೂರು ಕೊಟ್ಟಾಯಿತು, ಇನ್ನೇನಿದೆ" ಎಂದು ನೀನು ಬರೆದದ್ದನ್ನು ನಾನು ಒಪ್ಪಲಾರೆ. ಕತ್ತಲಾದ ಮೇಲೆ ಲೈಬ್ರರಿಯಿಂದ ಒಬ್ಬನೇ ಹೊರಡಲು ಆಗುತ್ತಿಲ್ಲ, ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದು ಅದೇ ಪತ್ರದಲ್ಲಿ ನೀನೇ ಹೇಳಿಕೊಂಡಿದ್ದೀಯೆ. ಹೊಡೆದವರನ್ನು ಹುಡುಕುವುದು ಪೊಲೀಸರ ಕೆಲಸ. ಪೆಟ್ಟು ತಿಂದವನ ನಿದ್ದೆಯನ್ನು ವಿಚಾರಿಸಿಕೊಳ್ಳುವುದಕ್ಕೆ ಈ ಬ್ರಿಟನ್ ದೇಶದಲ್ಲಿ ಬೇರೆ ಸಂಸ್ಥೆಗಳಿವೆ, ಅವರನ್ನು ಸಂಪರ್ಕಿಸು ಎಂದು ಹೇಳುವುದಕ್ಕೇ ಈ ಪತ್ರ.

ಅವುಗಳಲ್ಲಿ ಹೆಸರಾದದ್ದು ವಿಕ್ಟಿಮ್ ಸಪೋರ್ಟ್. 1974ರಲ್ಲಿ ಬ್ರಿಸ್ಟಲ್ ನಗರದಲ್ಲಿ ಸಣ್ಣದಾಗಿ ಆರಂಭವಾದ ಈ ದತ್ತಿ ಸಂಸ್ಥೆ ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೆಲಸ ಮಾಡುತ್ತದೆ. ಇವರು ಪೊಲೀಸ್ ಇಲಾಖೆಯವರಲ್ಲ, ಹಣ ಕೇಳುವುದಿಲ್ಲ. ಪೊಲೀಸರಿಗೆ ದೂರನ್ನೇ ಕೊಡದವರೂ, ವರ್ಷಗಳ ಹಿಂದೆ ಅನ್ಯಾಯಕ್ಕೆ ಒಳಗಾದವರೂ ಇವರಿಗೆ ಕರೆ ಮಾಡಬಹುದು. 0808 16 89 111 ಎಂಬ ಉಚಿತ ಸಂಖ್ಯೆಯಲ್ಲಿ ಹಗಲು ರಾತ್ರಿ ಯಾರಾದರೂ ಮಾತಿಗೆ ಸಿಗುತ್ತಾರೆ. ಕೆಲವು ಪ್ರದೇಶಗಳಲ್ಲಿ ಈ ಸೇವೆಯನ್ನು ಬೇರೆ ಸಂಸ್ಥೆಗಳಿಗೆ ವಹಿಸಿರುತ್ತಾರೆ; ಹಾಗಿದ್ದರೆ ನಿನ್ನೂರಿನಲ್ಲಿ ಯಾರನ್ನು ಕಾಣಬೇಕೆಂಬುದನ್ನು ವಿಕ್ಟಿಮ್ ಸಪೋರ್ಟ್‌ನವರನ್ನೇ ಕೇಳು. ದೂರು ಕೊಟ್ಟ ಮೇಲೆ ಪೊಲೀಸರ ಮೂಲಕ ಇಂಥ ಸೇವೆಯ ಸಂಪರ್ಕ ಪಡೆಯುವುದು ಇಲ್ಲಿನ ವಿಕ್ಟಿಮ್ಸ್ ಕೋಡ್, ಅಂದರೆ ಅಪರಾಧಕ್ಕೆ ಗುರಿಯಾದವರ ಹಕ್ಕುಗಳನ್ನು ಹೇಳುವ ಸರ್ಕಾರಿ ಸಂಹಿತೆಯ ಪ್ರಕಾರ ನಿನ್ನ ಹಕ್ಕು, ಯಾರೋ ಮಾಡುವ ಉಪಕಾರವಲ್ಲ. ದೂರು ಕೊಟ್ಟ ದಿನ ನಿನ್ನನ್ನು ಈ ವಿಷಯ ಕೇಳಿದ್ದರೂ ಆ ಗಾಬರಿಯಲ್ಲಿ "ಬೇಡ" ಎಂದಿರಬಹುದು. ಅದರಿಂದ ಬಾಗಿಲೇನೂ ಮುಚ್ಚಿಲ್ಲ.

ನಮ್ಮ ಕಡೆಯ ಹುಡುಗರಿಗೆ, ಅದರಲ್ಲೂ ಮನೆಗೆ ಹಿರಿಮಗನಾದವನಿಗೆ, ಅಪರಿಚಿತರ ಮುಂದೆ ಭಯವಾಗುತ್ತಿದೆ ಎಂದು ಹೇಳಿಕೊಳ್ಳುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ. ನಾನು ಕೆಲವು ಕಾಲ ಇಂಥ ಸೇವೆಯಲ್ಲಿ ಸ್ವಯಂಸೇವಕಿಯಾಗಿದ್ದೆ. ಕರೆ ಮಾಡುತ್ತಿದ್ದವರಲ್ಲಿ ಬಹಳ ಮಂದಿ "ನನಗಿಂತ ಹೆಚ್ಚು ನೊಂದವರಿದ್ದಾರೆ, ನಿಮ್ಮ ಸಮಯ ಹಾಳುಮಾಡುತ್ತಿದ್ದೇನೆ" ಎಂದೇ ಮಾತು ಶುರುಮಾಡುತ್ತಿದ್ದರು. ಯಾರೂ ಅವರ ನೋವನ್ನು ತಕ್ಕಡಿಗೆ ಹಾಕುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದರು, ಸಂಜೆ ಹೊರಗೆ ಹೋಗುವಾಗ ಏನೇನು ಜಾಗ್ರತೆ ವಹಿಸಬಹುದೆಂದು ಜೊತೆಗೆ ಕೂತು ಯೋಚಿಸುತ್ತಿದ್ದರು, ಬೇಕೆನಿಸಿದರೆ ವೈದ್ಯರ ಬಳಿಗೋ ಆಪ್ತಸಲಹೆಗೋ ದಾರಿ ತೋರಿಸುತ್ತಿದ್ದರು. ವೀಸಾದ ಚಿಂತೆ ಬೇಡ. ಕ್ರಮಬದ್ಧವಾಗಿ ಓದುತ್ತಿರುವವನು ಪೆಟ್ಟು ತಿಂದು ಸಹಾಯ ಕೇಳಿದನೆಂದು ಅದಕ್ಕೆ ಧಕ್ಕೆ ಬರುವುದಿಲ್ಲ.

ಪರಿಹಾರಧನದ ವಿಷಯವನ್ನೂ ಕೇಳು. ಹಿಂಸೆಯಿಂದ ಗಾಯಗೊಂಡವರಿಗೆ ಸರ್ಕಾರದ ಒಂದು ಯೋಜನೆಯಿದೆ. ಹೋದ ಫೋನಿಗೆ ಅದರಲ್ಲಿ ಏನೂ ಸಿಗದು, ತೀರ ಸಣ್ಣ ಗಾಯಕ್ಕೂ ಸಿಗದು, ಆದರೆ ನಿನ್ನ ದವಡೆಯ ಮೂಳೆ ಬಿರುಕು ಬಿಟ್ಟಿದೆ. ಹೊಡೆದವರು ಸಿಕ್ಕಿಬೀಳಲೇಬೇಕೆಂದಿಲ್ಲ, ಆದರೆ ಪೊಲೀಸರಿಗೆ ದೂರು ಹೋಗಿರಬೇಕು ಮತ್ತು ಸಾಮಾನ್ಯವಾಗಿ 2 ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಅರ್ಜಿಗೆ ಶುಲ್ಕವಿಲ್ಲದಿರುವುದರಿಂದ ಪಾಲು ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡ. ವಿದ್ಯಾರ್ಥಿಯಾದ ನಿನಗೆ ಅರ್ಹತೆಯಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊ, ಆಸ್ಪತ್ರೆಯ ಕಾಗದಗಳನ್ನೂ ಪೊಲೀಸರು ಕೊಟ್ಟ ಕ್ರೈಮ್ ರೆಫರೆನ್ಸ್ ಸಂಖ್ಯೆಯನ್ನೂ ಜೋಪಾನವಾಗಿಡು.

ಒಂದು ವೇಳೆ ಸಾಕ್ಷ್ಯ ಸಾಲದೆ ತನಿಖೆ ನಿಲ್ಲಿಸಿದ್ದೇವೆ ಎಂದು ಪೊಲೀಸರಿಂದ ಪತ್ರ ಬಂದರೆ ಎದೆಗುಂದಬೇಡ. ಈ ಸಂಸ್ಥೆಗಳ ನೆರವು ಅದರೊಂದಿಗೆ ಮುಗಿಯುವುದಿಲ್ಲ. ಮೊಕದ್ದಮೆ ನಡೆದು ನೀನು ಸಾಕ್ಷಿ ಹೇಳಬೇಕಾದರೂ ಅಂಜಬೇಡ. ಸಿಟಿಜನ್ಸ್ ಅಡ್ವೈಸ್ ಎಂಬ ಇನ್ನೊಂದು ದತ್ತಿ ಸಂಸ್ಥೆಯ ಸ್ವಯಂಸೇವಕರು ನ್ಯಾಯಾಲಯವನ್ನು ಮೊದಲೇ ತೋರಿಸಿ, ವಿಚಾರಣೆಯ ದಿನ ಜೊತೆಗಿರುತ್ತಾರೆ.

ಶಿವಮೊಗ್ಗದಲ್ಲಿ ನಿನ್ನ ಅಮ್ಮನಿಗೆ ಇನ್ನೂ ಏನನ್ನೂ ತಿಳಿಸಿಲ್ಲವೆಂದೆ. ಅದನ್ನು ನಾನು ಬಲವಂತ ಮಾಡುವುದಿಲ್ಲ, ಯಾವಾಗ ಹೇಳಬೇಕೆಂಬುದು ನಿನಗೆ ಬಿಟ್ಟದ್ದು. ಭಾನುವಾರ ನಾನು ಫೋನ್ ಮಾಡುತ್ತೇನೆ, ಅಷ್ಟರೊಳಗೆ ನೀನು ವಿಕ್ಟಿಮ್ ಸಪೋರ್ಟ್‌ನವರೊಡನೆ ಒಮ್ಮೆ ಮಾತನಾಡಿರು.

ಇಂತಿ,
ನಿನ್ನ ದೊಡ್ಡಮ್ಮ