ರವಿವರ್ಮನ ಶಿಷ್ಯೆಯಂತೆ ಅಮೃತಾ!

ಮಾನ್ಯ ಸಂಪಾದಕರೇ,

ಹೆಸರಾಂತ ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಚಿತ್ರಪ್ರದರ್ಶನ ‘ಅದ್ದೂರಿಯಾಗಿ ನಡೆಯಿತು’ ಎಂಬ ಸೋಮವಾರದ ನಿಮ್ಮ ವರದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದ್ದೂರಿ ಇದ್ದದ್ದು ನಿಜ. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಚಿತ್ರಗಳೇ ಕಾಣಿಸಲಿಲ್ಲ. ಬರೀ ಪ್ರಿಂಟ್ ತರಿಸಿದ್ದಾರೆ ಅಂತ ನಮಗೂ ಗೊತ್ತಿತ್ತು, ಅದಕ್ಕೆ ತಕರಾರಿಲ್ಲ. ಆದರೆ ಆ ಪ್ರಿಂಟುಗಳಲ್ಲೂ ಅರ್ಧ ವೇದಿಕೆಯ ಫ್ಲೆಕ್ಸ್ ಹಿಂದೆ ಮುಚ್ಚಿಹೋಗಿದ್ದವು. ಫ್ಲೆಕ್ಸ್‌ನಲ್ಲಿ ಅಮೃತಾಳ ಮುಖ ಅಂಚೆಚೀಟಿಯಷ್ಟು, ಉಳಿದದ್ದೆಲ್ಲ ಸಾಹೇಬರ ಮುಖ.

ಹತ್ತು ಗಂಟೆಗೆ ಉದ್ಘಾಟನೆ ಅಂತ ಆಮಂತ್ರಣ. ಸಾಹೇಬರು ಬಂದದ್ದು ಹನ್ನೆರಡೂವರೆಗೆ. ಅಲ್ಲಿಯವರೆಗೆ ಬಾಗಿಲು ತೆಗೆಯುವಂತಿಲ್ಲ, ಟೇಪು ಕತ್ತರಿಸಬೇಕಲ್ಲ! ಚಿತ್ರಕಲೆ ಓದುತ್ತಿರುವ ಅಣ್ಣನ ಮಗಳನ್ನು ಕರೆದುಕೊಂಡು ಹೋಗಿದ್ದೆ. ನನಗೋ ಮಂಡಿನೋವು. ಖಾಲಿ ಕುರ್ಚಿಗಳಿದ್ದವು, ಆದರೆ ಗಣ್ಯರಿಗಂತೆ. ಶೌಚಾಲಯಕ್ಕೆ ಬೀಗ. ಕೀ ಕೇಳಿದರೆ ಇಟ್ಟುಕೊಂಡವರು ರಜೆ. ಬರುವಾಗ ಮಳೆ, ಆಟೋದವನು ಡಬಲ್ ಕೇಳಿದ.

ಒಳಗೆ ಕಾಲಿಟ್ಟರೆ ಎದುರಿಗೇ ಬೋರ್ಡು: ‘ರಾಜಾ ರವಿವರ್ಮನ ಶಿಷ್ಯೆ’. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅಮೃತಾ ಬುಡಾಪೆಸ್ಟ್‌ನಲ್ಲಿ ಹುಟ್ಟಿದ್ದು 1913ರಲ್ಲಿ. ಪಾಠ ಯಾವ ಲೋಕದಲ್ಲಿ ನಡೆಯಿತೋ! ಆಕೆ ಕಲಿತದ್ದು ಪ್ಯಾರಿಸ್‌ನಲ್ಲಿ, ಲೂಸಿಯಾಂ ಸಿಮೋಂ ಎಂಬ ಚಿತ್ರಕಾರನ ಹತ್ತಿರ. ತಂಗಿ, ಗೆಳತಿಯರು, ಜೊತೆಗೆ ಓದುವವರು ಎಲ್ಲರನ್ನೂ ಕೂರಿಸಿ ಬರೆದಳು. ಯಾರೂ ಸಿಗದಿದ್ದರೆ ಕನ್ನಡಿ ಇತ್ತು. ತಂಗಿ ಇಂದಿರಾ ಮತ್ತು ಒಬ್ಬ ಗೆಳತಿಯನ್ನು ಕೂರಿಸಿ 1932ರಲ್ಲಿ ಬರೆದ ‘ಯಂಗ್ ಗರ್ಲ್ಸ್’ಗೆ ಮರುವರ್ಷ ಪ್ಯಾರಿಸ್ ಸಲೋನ್ ಎಂಬ ದೊಡ್ಡ ಕಲಾಪ್ರದರ್ಶನದ ಚಿನ್ನದ ಪದಕ ಬಂತು. ಆಗ ಆಕೆಗೆ ಇಪ್ಪತ್ತು ವರ್ಷ.

1934ರ ಕೊನೆಗೆ ದೇಶಕ್ಕೆ ಬಂದ ಮೇಲೆ ಆ ಕೈಯೇ ಬದಲಾಯಿತು. ಮರುವರ್ಷ ಬರೆದ ‘ಮೂವರು ಹುಡುಗಿಯರು’ ನೋಡಿ. ಮೂವರಲ್ಲಿ ಒಬ್ಬಳೂ ನಮ್ಮ ಕಡೆ ತಿರುಗುವುದಿಲ್ಲ. ಕೆಂಪು, ಹಸಿರು ಬಟ್ಟೆಯ ಬಣ್ಣ ಎಷ್ಟು ಗಾಢವೋ ಮುಖಗಳು ಅಷ್ಟು ಮೌನ. 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿ ಚಿನ್ನದ ಪದಕ ಕೊಟ್ಟದ್ದು ಇದಕ್ಕೇ. ನಮ್ಮೂರಲ್ಲಿ ಇದಕ್ಕೆ ಸಿಕ್ಕಿದ್ದು ಟ್ಯೂಬ್‌ಲೈಟ್ ಕೆಟ್ಟ ಮೂಲೆ. ಮೊಬೈಲ್ ಟಾರ್ಚ್ ಹಾಕಿ ನೋಡಿದೆವು.

ರವಿವರ್ಮನ ಹೆಸರು ಬೇಕೇ ಬೇಕು ಅಂದರೆ ಅದಕ್ಕೂ ದಾರಿಯಿತ್ತು. ಹೈದರಾಬಾದಿನಲ್ಲಿ ನವಾಬ ಸಾಲಾರ್ ಜಂಗ್ ಆಕೆಯ ಚಿತ್ರಗಳನ್ನು ವಾಪಸ್ ಕಳಿಸಿದ. ನಮ್ಮ ಮೈಸೂರು ಅರಸರೂ ರವಿವರ್ಮನೇ ಸಾಕು ಅಂದರಂತೆ. ಅವರಿಗೆ ಇಬ್ಬರೂ ಬೇರೆ ಅನ್ನುವುದಾದರೂ ಗೊತ್ತಿತ್ತು, ಅಲ್ವಾ?

ಇನ್ನು ಸನ್ಮಾನ. ಶಿಮ್ಲಾದ ಕಲಾ ಸಂಘ 1935ರಲ್ಲಿ ಕೆಲವು ಚಿತ್ರ ತಿರಸ್ಕರಿಸಿ ಒಂದಕ್ಕೆ ಬಹುಮಾನ ಕೊಟ್ಟಾಗ, ಆ ಬಹುಮಾನವನ್ನೇ ಹಿಂದಿರುಗಿಸಿದ ಹೆಣ್ಣುಮಗಳು ಅಮೃತಾ. ಅವಳ ಹೆಸರಲ್ಲಿ ಗಂಟೆಗಟ್ಟಲೆ ಇವರಿಗೆ ಅವರು, ಅವರಿಗೆ ಇವರು ಶಾಲು ಹೊದಿಸಿದ್ದೇ ಹೊದಿಸಿದ್ದು!

ಭಾಷಣಗಳಲ್ಲಿ ಇದ್ದದ್ದು ಎರಡೇ ವಿಷಯ. ಆಕೆ ಎಷ್ಟು ಚೆಂದ ಇದ್ದಳು, ಆಕೆಯ ಚಿತ್ರ ಎಷ್ಟಕ್ಕೆ ಹೋಯಿತು. 2023ರಲ್ಲಿ ‘ದಿ ಸ್ಟೋರಿ ಟೆಲ್ಲರ್’ 61.8 ಕೋಟಿಗೆ ಹರಾಜಾದದ್ದು ಸರಿ. ಇಪ್ಪತ್ತೆಂಟಕ್ಕೇ, 1941ರ ಡಿಸೆಂಬರ್‌ನಲ್ಲಿ, ಲಾಹೋರಿನಲ್ಲಿ ತನ್ನ ಪ್ರದರ್ಶನಕ್ಕೆ ಕೆಲವೇ ದಿನ ಇದ್ದಾಗ ಸತ್ತವಳಿಗೆ ಅದರಲ್ಲೇನು ಬಂತು? ಒಬ್ಬ ಅಧಿಕಾರಿಯಂತೂ ‘ಇಂಥದ್ದೊಂದು ನಮ್ಮಲ್ಲಿದ್ದಿದ್ದರೆ ಮಾರಿ ರಸ್ತೆ ಮಾಡಿಸಬಹುದಿತ್ತು’ ಎಂದು ಜೋಕ್ ಮಾಡಿದರು. ಚಪ್ಪಾಳೆಯೂ ಬಿತ್ತು. ಸ್ವಾಮಿ, ರಸ್ತೆಗೆಂದು ಬಂದ ದುಡ್ಡು ಎಲ್ಲಿ ಹೋಯಿತು? ನಮ್ಮ ಬೀದಿಯನ್ನು ಯುಜಿಡಿಗೆ (ಒಳಚರಂಡಿಗೆ) ಅಂತ ಅಗೆದವರು ಮುಚ್ಚಲು ಬರಲೇ ಇಲ್ಲ. ಖಾತೆ ಬದಲಾವಣೆಗೆ ಹೋದರೆ ‘ಸರ್ವರ್ ಡೌನ್’. ಲೈಬ್ರರಿಯ ಸೋರುವ ಮಾಡಿನ ಬಗ್ಗೆ ಇದೇ ಅಂಕಣಕ್ಕೆ ಹಿಂದೆ ಬರೆದಿದ್ದೆ. ಈಗ ಅಲ್ಲಿ ಬಕೆಟ್ ಇಟ್ಟಿದ್ದಾರೆ, ಧನ್ಯವಾದ.

ಆ ಬೋರ್ಡು ತೆಗೆಸಿ. ಓದು ಬರಹ ಬಲ್ಲವರೊಬ್ಬರನ್ನು ಇಂಥ ಕೆಲಸಕ್ಕೆ ಹಾಕಿ. ಆಗದಿದ್ದರೆ ಪ್ರದರ್ಶನವನ್ನೇ ಮಾಡಬೇಡಿ, ಸುಮ್ನೆ ಸನ್ಮಾನ ಸಮಾರಂಭ ಅಂತಲೇ ಕಾರ್ಡು ಹಾಕಿಸಿ, ನಾವು ಮನೆಯಲ್ಲಿರುತ್ತೇವೆ. ನಿಮ್ಮ ವರದಿಗಾರರಿಗೂ ಒಂದು ಮಾತು: ಊಟದ ಹಾಲ್ ಪಕ್ಕದಲ್ಲೇ ಚಿತ್ರಗಳ ಹಾಲ್ ಇತ್ತು.

ಇಂತಿ,
ನಿಮ್ಮ ಹಳೆಯ ಓದುಗ