ನಮ್ಮ ಗಲ್ಲಿಯ ಸೆನ್ಸರನ್ನು ಸರ್ಕಾರಿ ಯಂತ್ರದ ಪಕ್ಕ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಟಿವಿ, ಮಿಕ್ಸಿ ರಿಪೇರಿ ಮಾಡಿಕೊಂಡಿರುವವನು. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅಂಗಡಿಯ ಸಜ್ಜಾ ಕೆಳಗೆ ಗಾಳಿ ಅಳೆಯುವ ಸೆನ್ಸರ್ ಒಂದನ್ನು ಕಟ್ಟಿದೆ. ಎಸ್‌ಡಿಎಸ್ 011 ಅನ್ನುವ ಸೆನ್ಸರ್, ಒಂದು ವೈಫೈ ಬೋರ್ಡ್, ಹಳೇ ಮೊಬೈಲ್ ಚಾರ್ಜರ್, ಮಳೆ ಹನಿ ಬೀಳದ ಹಾಗೆ ಎರಡು ಪಿವಿಸಿ ಬೆಂಡು. ಎಲ್ಲ ಸೇರಿ ಮೂರು ಸಾವಿರದೊಳಗೇ ಮುಗಿಯಿತು.

ಬೆಳಿಗ್ಗೆ ಬಾಗಿಲ ಸಂದಿಯಿಂದ ಬಿಸಿಲು ಬಿದ್ದಾಗ ಧೂಳು ತೇಲಾಡುವುದು ಕಾಣುತ್ತದೆ ಅಲ್ವಾ? ಇದರ ಕೆಲಸವೂ ಅದೇ. ಪುಟ್ಟ ಫ್ಯಾನ್ ಗಾಳಿಯನ್ನು ಒಳಗೆ ಎಳೆಯುತ್ತದೆ, ಅಡ್ಡಕ್ಕೆ ಲೇಸರ್ ಬೆಳಕು ಇರುತ್ತದೆ, ಕಣಕ್ಕೆ ತಗುಲಿ ಚದುರಿದ ಬೆಳಕಿನಿಂದ ಲೆಕ್ಕ ಹಾಕುತ್ತದೆ. ಆದರೆ ಇದು ಹಿಡಿಯುವುದು ನಮ್ಮ ಕಣ್ಣಿಗೆ ಬೀಳದ, ಪಿಎಂ 2.5 ಅನ್ನುವ ಅತಿ ಸಣ್ಣ ಕಣಗಳನ್ನು. ಶ್ವಾಸಕೋಶದ ತಳದವರೆಗೂ ಇಳಿಯುವುದು ಅವೇ. ಜರ್ಮನಿಯ ಸ್ಟಟ್‌ಗಾರ್ಟ್ ಊರಿನ ಜನ 2015ರಲ್ಲಿ ಇಂಥ ಸೆನ್ಸರ್‌ಗಳನ್ನು ತಮ್ಮ ಮನೆಗಳಿಗೆ ತಾವೇ ಕಟ್ಟಿಕೊಳ್ಳಲು ಶುರು ಮಾಡಿದರು. ಈಗ ಎಷ್ಟೋ ದೇಶಗಳ ಮನೆಗಳಿಂದ ಎರಡೂವರೆ ನಿಮಿಷಕ್ಕೊಮ್ಮೆ ಒಂದೇ ನಕ್ಷೆಗೆ ಲೆಕ್ಕ ಹೋಗುತ್ತದೆ. ನನ್ನದೂ ಹೋಗುತ್ತಿದೆ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ಊರೂ ಇದೆ. ದೇವರಾಜ ಅರಸ್ ಬಡಾವಣೆಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರವೂ ಇದೆ. ಒಳ್ಳೆಯ ಯಂತ್ರ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದು ಹೇಳುವುದು ಅಲ್ಲಿನ ಗಾಳಿಯ ಸುದ್ದಿ. ನಮ್ಮ ಗಲ್ಲಿ ಇರುವುದು ಮಂಡಕ್ಕಿ ಭಟ್ಟಿಗಳ ಕಡೆ.

ನಮ್ಮ ಅಂಗಡಿ ಎದುರಿಗೆ ಒಬ್ಬ ಅಕ್ಕ ಇಡ್ಲಿ ಮಾರುತ್ತಾರೆ. ಬೆಳಗಿನ ಜಾವ ಐದೂವರೆಗೆ ಬಂದು ಕೂತರೆ ಒಂಬತ್ತಕ್ಕೆ ಏಳುತ್ತಾರೆ. ಚಳಿಗಾಲದಲ್ಲಿ ಅದೇ ಹೊತ್ತಿಗೆ ಭಟ್ಟಿಗಳ ಹೊಗೆ ಮೇಲೇಳದೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಅದರ ಜೊತೆಗೆ ಯಾರೋ ಮೂಲೆಯಲ್ಲಿ ಕಸಕ್ಕೆ ಬೆಂಕಿ ಇಡುತ್ತಾರೆ. ಜನವರಿಯ ಎಷ್ಟೋ ದಿನ ನನ್ನ ಸೆನ್ಸರ್ ಆರು ಗಂಟೆಗೆ ಒಂದು ಘನ ಮೀಟರ್ ಗಾಳಿಗೆ 200 ಮೈಕ್ರೋಗ್ರಾಂ ದಾಟಿದೆ, ಮಧ್ಯಾಹ್ನ 25ಕ್ಕೆ ಇಳಿದಿದೆ. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ 60 ಮೈಕ್ರೋಗ್ರಾಂ. ಇಡೀ ದಿನದ ಸರಾಸರಿ ತೆಗೆದರೆ ಕೆಲವು ದಿನ ನಾವು ಮಿತಿಯೊಳಗೇ ಇರುತ್ತೇವೆ. ಆದರೆ ಆ ಅಕ್ಕ ಸರಾಸರಿ ಗಾಳಿ ಕುಡಿಯುವುದಿಲ್ಲ, ಆರು ಗಂಟೆಯ ಗಾಳಿ ಕುಡಿಯುತ್ತಾರೆ. ಈಗ ದಿನಾ ಕೇಳುತ್ತಾರೆ, "ಇವತ್ತು ಎಷ್ಟೈತಣ್ಣ?" ಭಟ್ಟಿಯ ಮುಂದೆಯೇ ನಿಂತು ದುಡಿಯುವವರ ಪಾಲಿನ ಗಾಳಿ ಹೇಗಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ. ಭಟ್ಟಿ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಅದರಿಂದ ಅನ್ನ ತಿನ್ನುವ ಮನೆಗಳು ನಮ್ಮ ಸುತ್ತಲೇ ಇವೆ.

ಎರಡು ತಿಂಗಳ ಲೆಕ್ಕ ಪ್ರಿಂಟ್ ಹಾಕಿಸಿ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ಹಾಳೆ ತಿರುಗಿಸಿಯೂ ನೋಡಲಿಲ್ಲ. "ಇದು ಸರ್ಕಾರಿ ಯಂತ್ರ ಅಲ್ವಲ್ಲ, ಇದನ್ನ ಯಾರು ನಂಬ್ತಾರೆ?" ಅಂದರು. ಮನಸ್ಸಿಗೆ ನೋವಾಯಿತು. ಆದರೂ ಆ ಪ್ರಶ್ನೆ ತಪ್ಪಲ್ಲ.

ಈ ಸೆನ್ಸರ್‌ಗೆ ತೇವ ಅಂದರೆ ಆಗುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 70 ದಾಟಿದರೆ ಇದರ ಮಾತು ಪೂರ್ತಿ ನಂಬುವ ಹಾಗಿಲ್ಲ. ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಬೆಳಕು ಜಾಸ್ತಿ ಚದುರುತ್ತದೆ, ಅಂಕಿ ಏರುತ್ತದೆ. ಡಿಸೆಂಬರಿನಲ್ಲಿ ಮಂಜು ಕವಿದ ಒಂದು ಬೆಳಿಗ್ಗೆ 300 ತೋರಿಸಿತ್ತು. ಅದರಲ್ಲಿ ಹೊಗೆ ಎಷ್ಟು, ಮಂಜು ಎಷ್ಟು ಎಂದು ಬೇರೆ ಮಾಡಲು ನನ್ನಿಂದ ಆಗಲಿಲ್ಲ. ಆ ದಿನವನ್ನು ಲೆಕ್ಕದಿಂದ ಬಿಟ್ಟೆ. ಇನ್ನೊಮ್ಮೆ ನಾಲ್ಕು ದಿನ ಅಂಕಿ ಅಲುಗಾಡಲೇ ಇಲ್ಲ. ಬಿಚ್ಚಿ ನೋಡಿದರೆ ಗಾಳಿ ಎಳೆಯುವ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಬ್ರಷ್ ಹಾಕಿ ತೆಗೆದೆ, ಸರಿಹೋಯಿತು.

ಇದಕ್ಕೆ ದಾರಿ ಇದೆ. ಅಮೆರಿಕದಲ್ಲಿ ಜನರೇ ಮನೆಗೆ ಹಾಕಿಕೊಂಡ ಇಂಥ ಸೆನ್ಸರ್‌ಗಳು ಅಸಲಿಗಿಂತ ಜಾಸ್ತಿ ತೋರಿಸುತ್ತಿದ್ದವು. ಅಲ್ಲಿನ ಸರ್ಕಾರ ಅವನ್ನು ಬಿಸಾಕಲಿಲ್ಲ. ತನ್ನ ದೊಡ್ಡ ಯಂತ್ರಗಳ ಪಕ್ಕದಲ್ಲಿಟ್ಟು ಹೋಲಿಸಿತು, ತೇವಾಂಶದ ಲೆಕ್ಕ ಸೇರಿಸಿ ಒಂದು ಸೂತ್ರ ಮಾಡಿತು. 2020ರಿಂದ ಕಾಡ್ಗಿಚ್ಚಿನ ಹೊಗೆ ತೋರಿಸುವ ತನ್ನ ನಕ್ಷೆಯಲ್ಲೇ ಆ ಮನೆಗಳ ಲೆಕ್ಕವನ್ನೂ ತೋರಿಸುತ್ತಿದೆ.

ನಮ್ಮಲ್ಲೂ ಅಷ್ಟು ಮಾಡಿದರೆ ಸಾಕು. ಜನ ಕಟ್ಟಿದ ಸೆನ್ಸರ್‌ಗಳನ್ನು ದೇವರಾಜ ಅರಸ್ ಬಡಾವಣೆಯ ಯಂತ್ರದ ಪಕ್ಕ ಬೇಸಿಗೆಯಲ್ಲಿ ಒಂದು ತಿಂಗಳು, ಮಳೆಗಾಲದಲ್ಲಿ ಒಂದು ತಿಂಗಳು, ಚಳಿಯಲ್ಲಿ ಒಂದು ತಿಂಗಳು ಇಡಲು ಬಿಡಲಿ. ಎಷ್ಟು ತಪ್ಪು ತೋರಿಸುತ್ತವೆ ಎಂದು ತಿಳಿಯಲಿ. ಆಮೇಲೆ ಅವು ಮತ್ತೆ ನಮ್ಮ ಗಲ್ಲಿಗಳಿಗೆ ಬರಲಿ. ನಮ್ಮ ಅಂಕಿ ನೋಡಿ ಯಾರಿಗೂ ದಂಡ ಹಾಕಬೇಡಿ. ಎಲ್ಲಿ, ಯಾವ ಹೊತ್ತಿಗೆ ಹೋಗಿ ನೋಡಬೇಕು ಅನ್ನುವುದಕ್ಕೆ ಬಳಸಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ನಮ್ಮ ಗಲ್ಲಿಯಲ್ಲಿ ಹೊಗೆ ಸಿಗುವುದಿಲ್ಲ.

ಬೇರೆಯವರ ಸೆನ್ಸರ್ ಕೆಟ್ಟರೆ ನಾನು ಕಾಸು ತೆಗೆದುಕೊಳ್ಳದೆ ರಿಪೇರಿ ಮಾಡಿಕೊಡುತ್ತೇನೆ. ಒಪ್ಪಿಗೆ ಸಿಕ್ಕರೆ ನನ್ನದನ್ನು ನಾಳೆಯೇ ಬಿಚ್ಚಿ ತರುತ್ತೇನೆ. ಅಲ್ಲಿ ಒಂದು ಪ್ಲಗ್ ಪಾಯಿಂಟ್ ಇದ್ದರೆ ಸಾಕು.

ಇಂತಿ,
ಒಬ್ಬ ಟಿವಿ ಮೆಕ್ಯಾನಿಕ್, ದಾವಣಗೆರೆ