ಸೂಪಿ ಹಾಕಿಕೊಳ್ಳುವವರಿಗೆ

ಗೆಳೆಯರೇ, ನಗರದ ಶಾಖ, ನೀರು ಎರಡರ ಲೆಕ್ಕ ಹಾಕುವ ಸ್ಯೂಸ್ (SUEWS) ಮಾದರಿಯನ್ನು ಪೈಥಾನ್‌ನಲ್ಲಿ ಓಡಿಸಲು ಇರುವ ಪ್ಯಾಕೇಜೇ ಸೂಪಿ (SuPy). ಮೊದಲು ಪ್ಯಾಕೇಜುಗಳನ್ನು ಬೇರೆಯಾಗಿಡುವ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಆಮೇಲೆ ಪೈಥಾನ್ ಪ್ಯಾಕೇಜು ಹಾಕುವ ಪಿಪ್‌ನಿಂದ ಇನ್‌ಸ್ಟಾಲ್ ಮಾಡಿ. ಹಳೆಯದಕ್ಕೇ ಸುಮ್ನೆ ತುರುಕಿದರೆ ಪಾಂಡಾಸ್, ನಂಪೈ ಎಂಬ ಪೈಥಾನ್ ಲೈಬ್ರರಿಗಳ ವರ್ಷನ್‌ಗಳು ಕಿತ್ತಾಡಬಹುದು. ಜೊತೆಗೇ ಬರುವ ಸ್ಯಾಂಪಲ್ ಡೇಟಾ ಓಡಿದ ಮೇಲೆ ನಿಮ್ಮ ಊರಿನದ್ದು ಹಾಕಿ.

ನೆಲದ ಹಂಚಿಕೆ ಹುಷಾರು. ರಸ್ತೆಯಂಥ ಗಟ್ಟಿ ನೆಲ, ಕಟ್ಟಡ, ನಿತ್ಯಹಸಿರು ಮರ, ಎಲೆ ಉದುರುವ ಮರ, ಹುಲ್ಲು, ಬರಿ ಮಣ್ಣು, ನೀರು: ಈ 7ರ ಪಾಲು ಕೂಡಿದರೆ 1 ಬರಲೇಬೇಕು. ಗಾಳಿಯ ಒತ್ತಡದ ಯೂನಿಟ್ಟಿನಲ್ಲೂ ಹುಷಾರು. ಇನ್‌ಪುಟ್ ಫೈಲಿನಲ್ಲಿ ಕಿಲೋಪಾಸ್ಕಲ್, ಸೂಪಿ ಓದಿಕೊಂಡ ಡೇಟಾಫ್ರೇಮಿನಲ್ಲಿ (ಪಾಂಡಾಸ್ ಟೇಬಲ್ಲಿನಲ್ಲಿ) ಹೆಕ್ಟೋಪಾಸ್ಕಲ್. 10 ಪಟ್ಟು ವ್ಯತ್ಯಾಸ ಅಲ್ವಾ!

ಎರರ್ ಬಂದರೆ ಪೂರ್ತಿ ಮೆಸೇಜ್ ಇಲ್ಲಿ ಪೇಸ್ಟ್ ಮಾಡಿ. ಅರ್ಧ ಕತ್ತರಿಸಿದ ಸ್ಕ್ರೀನ್‌ಶಾಟ್ ಬೇಡ.